ನರ್ಸಿಂಗ್ ಜರ್ನಲ್‌ಗಳನ್ನು ತೂಗುವ ತಕ್ಕಡಿ: ಜರ್ನಲ್ ಸೈಟೇಶನ್ ರಿಪೋರ್ಟ್ಸ್ ಬಳಸಿ ಕಂಡದ್ದು

ಪ್ರಬಂಧ ಬರೆದು ಮುಗಿಸಿದ ನರ್ಸಿಂಗ್ ಅಧ್ಯಾಪಕಿಯರು ನನ್ನ ಬಳಿ ಬಂದಾಗ ಮೊದಲು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: "ಮೇಡಂ, ಇದನ್ನು ಯಾವ ಜರ್ನಲ್‌ಗೆ ಕಳಿಸಲಿ? ಅದರ ಇಂಪ್ಯಾಕ್ಟ್ ಫ್ಯಾಕ್ಟರ್ ಎಷ್ಟು?" ಉತ್ತರ ಹೇಳುವ ಮೊದಲು ನಾನು ತೆರೆಯುವುದು, ಜರ್ನಲ್‌ಗಳ ಲೇಖನಗಳಿಗೆ ಬಂದ ಉಲ್ಲೇಖಗಳನ್ನು ಎಣಿಸಿ ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಅಂಕಿಯನ್ನು ಕೊಡುವ ಜರ್ನಲ್ ಸೈಟೇಶನ್ ರಿಪೋರ್ಟ್ಸ್ ಎಂಬ ಸೇವೆಯನ್ನು. ಇದನ್ನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಇದರ ನೆರವಿನಿಂದ ಒಳ್ಳೆಯ ನಿರ್ಧಾರಗಳಾದದ್ದನ್ನು ಕಂಡಿದ್ದೇನೆ, ಇದರ ಒಂದೇ ಒಂದು ಅಂಕಿಯನ್ನು ಹಿಡಿದುಕೊಂಡು ಕೆಟ್ಟ ನಿರ್ಧಾರಗಳಾದದ್ದನ್ನೂ ಕಂಡಿದ್ದೇನೆ. ನರ್ಸಿಂಗ್ ಸಂಶೋಧನೆಯ ಮಟ್ಟಿಗೆ ಈ ಸೇವೆ ಏನನ್ನು ಅಳೆಯುತ್ತದೆ, ಯಾವುದು ಇದರ ಅಳತೆಗೆ ಸಿಗುವುದಿಲ್ಲ ಎಂಬುದನ್ನು ಬಳಕೆದಾರಳಾಗಿ ಬರೆದಿಡಬೇಕೆಂದು ಬಹುದಿನಗಳಿಂದ ಅನ್ನಿಸುತ್ತಿತ್ತು.

ಇದರ ಮೂಲ ಅಮೆರಿಕದ ಮಾಹಿತಿ ವಿಜ್ಞಾನಿ ಯೂಜೀನ್ ಗಾರ್ಫೀಲ್ಡ್ ಅವರದು. ಒಂದು ಲೇಖನವನ್ನು ಮುಂದೆ ಯಾರು ಯಾರು ಉಲ್ಲೇಖಿಸಿದರು ಎಂಬುದರ ಸೂಚಿಯೊಂದನ್ನು ಸಿದ್ಧಪಡಿಸಿದರೆ ವಿಜ್ಞಾನ ಸಾಹಿತ್ಯದಲ್ಲಿ ದಾರಿ ಹುಡುಕುವುದು ಸುಲಭವಾಗುತ್ತದೆ ಎಂದು ಅವರು 1955ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಆ ಸೂಚಿ 1960ರ ದಶಕದಲ್ಲಿ ಅಚ್ಚಾಯಿತು. ಅದರಿಂದ ಹುಟ್ಟಿದ ಜರ್ನಲ್ ಸೈಟೇಶನ್ ರಿಪೋರ್ಟ್ಸ್ 1970ರ ದಶಕದ ಮಧ್ಯದಿಂದ ಹೊರಬರತೊಡಗಿತು. ಈಗ ಇದು ಕ್ಲಾರಿವೇಟ್ ಸಂಸ್ಥೆಯ ಕೈಯಲ್ಲಿದ್ದು, ವರ್ಷಕ್ಕೊಮ್ಮೆ ಹೊಸ ಅಂಕಿಗಳು ಬಿಡುಗಡೆಯಾಗುತ್ತವೆ. ಪೂರ್ಣ ವಿವರ ಸಿಗುವುದು ಚಂದಾ ಕಟ್ಟಿದ ಸಂಸ್ಥೆಗಳಿಗೆ ಮಾತ್ರ, ಆದ್ದರಿಂದ ಇದು ಒಬ್ಬ ನರ್ಸ್ ಸ್ವಂತ ಖರ್ಚಿನಲ್ಲಿ ಕೊಂಡು ಬಳಸುವ ವಸ್ತುವಲ್ಲ. ಗ್ರಂಥಾಲಯದ ಮೂಲಕವೇ ತಲುಪಬೇಕು.

ಇಂಪ್ಯಾಕ್ಟ್ ಫ್ಯಾಕ್ಟರ್‌ನ ಲೆಕ್ಕ ಬಹಳ ಸರಳವಾದದ್ದು. ಒಂದು ಜರ್ನಲ್ 2022 ಮತ್ತು 2023ರಲ್ಲಿ ಪ್ರಕಟಿಸಿದ್ದಕ್ಕೆ 2024ರಲ್ಲಿ ಬಂದ ಉಲ್ಲೇಖಗಳನ್ನು ಎಣಿಸಿ, ಆ ಎರಡು ವರ್ಷಗಳಲ್ಲಿ ಅಚ್ಚಾದ ಸಂಶೋಧನಾ ಲೇಖನ ಮತ್ತು ವಿಮರ್ಶಾ ಲೇಖನಗಳ ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ಬರುವುದೇ 2024ರ ಅಂಕಿ. ಎರಡು ವರ್ಷಗಳಲ್ಲಿ 200 ಲೇಖನ ಪ್ರಕಟಿಸಿದ ಜರ್ನಲ್‌ಗೆ 500 ಉಲ್ಲೇಖ ಬಂದಿದ್ದರೆ ಅದರ ಅಂಕಿ 2.5. ಹೆಚ್ಚಿನವರು ಗಮನಿಸದ ಒಂದು ಸಂಗತಿ ಇಲ್ಲಿದೆ. ಮೇಲಿನ ಎಣಿಕೆಯಲ್ಲಿ ಸಂಪಾದಕೀಯಕ್ಕೆ, ಓದುಗರ ಪತ್ರಕ್ಕೆ, ಚರ್ಚಾ ಟಿಪ್ಪಣಿಗೆ ಬಂದ ಉಲ್ಲೇಖಗಳೂ ಸೇರುತ್ತವೆ. ಕೆಳಗಿನ ಭಾಜಕದಲ್ಲಿ ಆ ಬರಹಗಳು ಎಣಿಕೆಗೆ ಬರುವುದಿಲ್ಲ. ನರ್ಸಿಂಗ್ ಜರ್ನಲ್‌ಗಳಲ್ಲಿ ಸಂಪಾದಕೀಯಗಳಿಗೆ, ವೃತ್ತಿಯ ನೀತಿಯ ಕುರಿತ ಅಭಿಪ್ರಾಯ ಬರಹಗಳಿಗೆ ದೊಡ್ಡ ಪರಂಪರೆಯೇ ಇದೆ. ಹೀಗಾಗಿ ಜನ ಮೆಚ್ಚಿ ಉಲ್ಲೇಖಿಸುವ ನಾಲ್ಕು ಸಂಪಾದಕೀಯಗಳಿಂದ ಒಂದು ಸಣ್ಣ ಜರ್ನಲ್‌ನ ಅಂಕಿ ಏರಬಹುದು, ಅದರ ಸಂಶೋಧನಾ ಲೇಖನಗಳು ಇದ್ದಲ್ಲೇ ಇದ್ದರೂ.

ಸೇವೆಯ ಒಳಗೆ ಹೋದ ಮೇಲೆ ನನಗೆ ಅತ್ಯಂತ ಇಷ್ಟವಾದದ್ದು ಪ್ರತಿ ಜರ್ನಲ್‌ನ ಪುಟದಲ್ಲಿರುವ ಉಲ್ಲೇಖ ಹಂಚಿಕೆಯ ಚಿತ್ರ. ನರ್ಸಿಂಗ್ ವಿಭಾಗವನ್ನು ತೆರೆದು ಯಾವುದೇ ಹೆಸರನ್ನು ಒತ್ತಿದರೆ ಪುಟದ ಮೇಲ್ಭಾಗದಲ್ಲಿ ಅಂಕಿ ದಪ್ಪಕ್ಷರದಲ್ಲಿ ಕಾಣುತ್ತದೆ, ಬಹಳ ಮಂದಿ ಅಲ್ಲಿಂದಲೇ ಹಿಂದಿರುಗಿಬಿಡುತ್ತಾರೆ. ಕೆಳಗೆ ಸರಿದು ನೋಡಬೇಕು. ಅಲ್ಲಿ ಕಂಬಗಳ ಸಾಲೊಂದಿದೆ: ಒಂದೂ ಉಲ್ಲೇಖ ಪಡೆಯದ ಲೇಖನಗಳು ಎಷ್ಟು, ಒಂದು ಪಡೆದವು ಎಷ್ಟು, ಎರಡು ಪಡೆದವು ಎಷ್ಟು, ಹೀಗೆ. ಎಡಗಡೆಯ ಕಂಬಗಳು ಎತ್ತರವಾಗಿ ನಿಂತು, ಬಲಕ್ಕೆ ಹೋದಂತೆ ಕುಗ್ಗುತ್ತ, ತೀರ ಬಲತುದಿಯಲ್ಲಿ ಒಂದೊಂದೇ ಲೇಖನ ಬಹಳ ಉಲ್ಲೇಖಗಳನ್ನು ಹೊತ್ತು ಒಂಟಿಯಾಗಿ ನಿಂತಿರುತ್ತದೆ. ಸಂಶೋಧನಾ ಲೇಖನಗಳಿಗೆ ಬಂದ ಉಲ್ಲೇಖಗಳ ಮಧ್ಯಾಂಕವನ್ನೂ (ಉಲ್ಲೇಖಗಳ ಕ್ರಮದಲ್ಲಿ ಜೋಡಿಸಿದಾಗ ಸರಿಯಾಗಿ ನಡುವೆ ನಿಲ್ಲುವ ಲೇಖನದ ಸಂಖ್ಯೆ) ವಿಮರ್ಶಾ ಲೇಖನಗಳ ಮಧ್ಯಾಂಕವನ್ನೂ ಅಲ್ಲಿಯೇ ಬೇರೆ ಬೇರೆಯಾಗಿ ಕೊಟ್ಟಿರುತ್ತಾರೆ. ಕೇಳಲು ಬಂದವರಿಗೆ ನಾನು ಈ ಚಿತ್ರವನ್ನೇ ಮೊದಲು ತೋರಿಸುವುದು, ಏಕೆಂದರೆ ಸರಾಸರಿಯೆಂಬುದು ಕೆಲವೇ ಲೇಖನಗಳ ಬೆನ್ನ ಮೇಲೆ ನಿಂತಿದೆ ಎಂಬುದು ಮಾತಿನಲ್ಲಿ ಹೇಳಿದ್ದಕ್ಕಿಂತ ಹೀಗೆ ನೋಡಿದಾಗ ಬೇಗ ಮನಸ್ಸಿಗೆ ಇಳಿಯುತ್ತದೆ.

ನರ್ಸಿಂಗ್‌ನಲ್ಲಿ ಹಾಗೆ ಬಲತುದಿಯಲ್ಲಿ ನಿಲ್ಲುವ ಲೇಖನಗಳು ಎಂಥವು ಎಂದು ನೋಡಿದರೆ ಇನ್ನೊಂದು ವಿಷಯ ತಿಳಿಯುತ್ತದೆ. ಗುಣಾತ್ಮಕ ವಿಷಯ ವಿಶ್ಲೇಷಣೆಯ ಬಗ್ಗೆ ಗ್ರಾನೆಹೈಮ್ ಮತ್ತು ಲುಂಡ್‌ಮನ್ 2004ರಲ್ಲಿ ನರ್ಸ್ ಎಜುಕೇಶನ್ ಟುಡೇಯಲ್ಲಿ ಬರೆದದ್ದು, ಸಮಗ್ರ ವಿಮರ್ಶೆಯ ವಿಧಾನದ ಬಗ್ಗೆ ವಿಟಮೋರ್ ಮತ್ತು ನಾಫ್ಲ್ 2005ರಲ್ಲಿ, ವಿಷಯ ವಿಶ್ಲೇಷಣೆಯ ಪ್ರಕ್ರಿಯೆಯ ಬಗ್ಗೆ ಎಲೋ ಮತ್ತು ಕಿಂಗಾಸ್ 2008ರಲ್ಲಿ ಜರ್ನಲ್ ಆಫ್ ಅಡ್ವಾನ್ಸ್‌ಡ್ ನರ್ಸಿಂಗ್‌ನಲ್ಲಿ ಬರೆದದ್ದು, ಇವೆಲ್ಲ ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಬರಹಗಳ ಸಾಲಿನಲ್ಲಿವೆ. ಮೂರೂ ವಿಧಾನದ ಲೇಖನಗಳೇ. ರೋಗಿಯ ಹಾಸಿಗೆಯ ಬಳಿ ಏನು ಮಾಡಬೇಕೆಂದು ಹೇಳುವ ಅಧ್ಯಯನ ಅವುಗಳಲ್ಲಿ ಒಂದೂ ಇಲ್ಲ. ವಿಧಾನದ ಲೇಖನವನ್ನು ಪ್ರತಿ ಸಂಶೋಧಕರೂ ತಮ್ಮ ಪ್ರಬಂಧದ ವಿಧಾನ ಭಾಗದಲ್ಲಿ ಉಲ್ಲೇಖಿಸಲೇಬೇಕಾಗುತ್ತದೆ. ಬಾಯಿಯ ಆರೈಕೆಯ ಬಗೆಗಿನ ಒಳ್ಳೆಯ ಪ್ರಯೋಗವನ್ನು ಉಲ್ಲೇಖಿಸುವವರು ಬಾಯಿಯ ಆರೈಕೆಯ ಬಗ್ಗೆ ಬರೆಯುವ ಕೆಲವರು ಮಾತ್ರ. ಇದು ಯಾರ ತಪ್ಪೂ ಅಲ್ಲ. ಆದರೆ ಹೆಚ್ಚು ಉಲ್ಲೇಖಗೊಂಡದ್ದೇ ಆರೈಕೆಯನ್ನು ಹೆಚ್ಚು ಬದಲಿಸಿದ್ದು ಎಂದು ತಿಳಿಯುವವರಿಗೆ ಈ ಸಾಲು ಸಾಕಷ್ಟು ಉತ್ತರ ಕೊಡುತ್ತದೆ.

ಮೇಲಿನ ಮೂರು ಲೇಖನಗಳಿಗೆ ಇಂದು ಬರುತ್ತಿರುವ ಒಂದು ಉಲ್ಲೇಖವೂ ಆ ಜರ್ನಲ್‌ಗಳ ಈಗಿನ ಇಂಪ್ಯಾಕ್ಟ್ ಫ್ಯಾಕ್ಟರ್‌ಗೆ ಸೇರುವುದಿಲ್ಲ. ಎರಡು ವರ್ಷದ ಕಿಟಕಿಯಿಂದ ಅವು ಎಂದೋ ಹೊರಗೆ ಹೋದವು. ನರ್ಸಿಂಗ್ ಸಂಶೋಧನೆ ನಿಧಾನವಾಗಿ ಬೆಳೆಯುವಂಥದ್ದು: ನೈತಿಕ ಸಮಿತಿಯ ಒಪ್ಪಿಗೆ, ವಾರ್ಡ್‌ಗಳ ಒಪ್ಪಿಗೆ, ರೋಗಿಗಳನ್ನು ಸೇರಿಸಿಕೊಳ್ಳುವುದು, ತಿಂಗಳುಗಟ್ಟಲೆ ಗಮನಿಸುವುದು, ಬರೆಯುವುದು, ತಜ್ಞರ ಪರಿಶೀಲನೆಗೆ ಕಾಯುವುದು. ಒಂದು ಲೇಖನವನ್ನು ಓದಿ ಪ್ರೇರಿತರಾಗಿ ಇನ್ನೊಬ್ಬರು ಅಧ್ಯಯನ ಕೈಗೊಂಡು ಅದು ಅಚ್ಚಾಗುವಷ್ಟರಲ್ಲಿ ಆ ಎರಡು ವರ್ಷ ಮುಗಿದಿರುತ್ತದೆ. ಸೇವೆಯಲ್ಲಿ ಐದು ವರ್ಷದ ಇಂಪ್ಯಾಕ್ಟ್ ಫ್ಯಾಕ್ಟರ್ ಕೂಡ ಇದೆ, ಉಲ್ಲೇಖಗಳ ಅರ್ಧಾಯುಷ್ಯ ಎಂಬ ಇನ್ನೊಂದು ಅಂಕಿಯೂ ಇದೆ. ಈ ವರ್ಷ ಜರ್ನಲ್‌ಗೆ ಬಂದ ಉಲ್ಲೇಖಗಳಲ್ಲಿ ಅರ್ಧದಷ್ಟು ಎಷ್ಟು ವರ್ಷಗಳೊಳಗಿನ ಲೇಖನಗಳಿಗೆ ಸಂದವು ಎಂಬುದನ್ನು ಅದು ಹೇಳುತ್ತದೆ. ಹಳೆಯ ಲೇಖನಗಳಿಗೆ ಇಂದಿಗೂ ಓದುಗರಿರುವ ಜರ್ನಲ್ ಯಾವುದೆಂದು ತಿಳಿಯಲು ನನಗೆ ಇಂಪ್ಯಾಕ್ಟ್ ಫ್ಯಾಕ್ಟರ್‌ಗಿಂತ ಈ ಎರಡೂ ಹೆಚ್ಚು ನೆರವಾಗಿವೆ. ಇವು ಪುಟದ ಕೆಳಗೆಲ್ಲೋ ಇರುವುದೊಂದೇ ಬೇಸರ.

ವಿಭಾಗದ ಗಡಿಯದೂ ಒಂದು ತೊಡಕು. ನರ್ಸಿಂಗ್ ಸಂಶೋಧನೆಯ ಪ್ರಭಾವಕ್ಕೆ ಒಂದೇ ಉದಾಹರಣೆ ಕೊಡಿ ಎಂದರೆ ನಾನು ಹೇಳುವುದು ಲಿಂಡಾ ಏಕನ್ ಮತ್ತು ಸಹೋದ್ಯೋಗಿಗಳ 2002ರ ಅಧ್ಯಯನವನ್ನು. ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಶಸ್ತ್ರಚಿಕಿತ್ಸೆಯ ರೋಗಿಗಳನ್ನು ನೋಡಿ, ಒಬ್ಬ ನರ್ಸ್‌ನ ಪಾಲಿಗೆ ಬರುವ ರೋಗಿಗಳ ಸಂಖ್ಯೆ ಒಂದರಷ್ಟು ಹೆಚ್ಚಿದಾಗಲೆಲ್ಲ ದಾಖಲಾದ 30 ದಿನಗಳೊಳಗೆ ಸಾವು ಸಂಭವಿಸುವ ಸಾಧ್ಯತೆ ಶೇ. 7ರಷ್ಟು ಹೆಚ್ಚುತ್ತದೆ ಎಂದು ಅದು ತೋರಿಸಿತು. 2014ರಲ್ಲಿ ಒಂಬತ್ತು ಯುರೋಪಿಯನ್ ದೇಶಗಳ ಮಾಹಿತಿಯಿಂದಲೂ ಅದೇ ಬಗೆಯ ಫಲಿತಾಂಶ ಬಂತು; ಪದವೀಧರ ನರ್ಸ್‌ಗಳ ಪ್ರಮಾಣ ಹೆಚ್ಚಿದಲ್ಲಿ ಸಾವಿನ ಸಾಧ್ಯತೆ ತಗ್ಗಿದ್ದೂ ಅದರಲ್ಲಿ ಕಂಡಿತು. ನರ್ಸ್‌ಗಳ ಸಂಖ್ಯೆಯ ಬಗೆಗಿನ ಯಾವ ಚರ್ಚೆಯೂ ಇಂದು ಈ ಎರಡು ಅಧ್ಯಯನಗಳನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಆದರೆ ಮೊದಲನೆಯದು ಪ್ರಕಟವಾದದ್ದು ಜಾಮಾದಲ್ಲಿ, ಎರಡನೆಯದು ಲ್ಯಾನ್ಸೆಟ್‌ನಲ್ಲಿ. ಎರಡೂ ಸಾಮಾನ್ಯ ವೈದ್ಯಕೀಯ ಜರ್ನಲ್‌ಗಳು. ನರ್ಸಿಂಗ್ ವಿಭಾಗದ ಪಟ್ಟಿಯಲ್ಲಿ ಆ ಉಲ್ಲೇಖಗಳು ಯಾರ ಖಾತೆಗೂ ಜಮೆಯಾಗಲಿಲ್ಲ. ಹೀಗೆ ಕ್ಷೇತ್ರದ ಅತ್ಯುತ್ತಮ ಕೆಲಸ ಹೊರಗಿನ ಜರ್ನಲ್‌ಗಳಿಗೆ ಹೋದಷ್ಟೂ ನರ್ಸಿಂಗ್ ಜರ್ನಲ್‌ಗಳ ಅಂಕಿ ತಗ್ಗಿಯೇ ಇರುತ್ತದೆ, ಅಂಕಿ ತಗ್ಗಿದೆಯೆಂದು ಮುಂದಿನ ಒಳ್ಳೆಯ ಕೆಲಸವೂ ಹೊರಗೇ ಹೋಗುತ್ತದೆ. ಈ ಸುತ್ತು ನನ್ನನ್ನು ಬಹಳ ಕಾಡಿದೆ. ನರ್ಸಿಂಗ್ ಜರ್ನಲ್‌ನ ಅಂಕಿಯನ್ನು ಹೃದ್ರೋಗದ ಜರ್ನಲ್‌ನ ಅಂಕಿಯ ಪಕ್ಕದಲ್ಲಿಟ್ಟು ನೋಡುವ ಆಯ್ಕೆ ಸಮಿತಿಗಳು ಇದನ್ನು ಅರಿತುಕೊಳ್ಳಬೇಕು.

ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆಯೇ ಇದೆ. ನರ್ಸಿಂಗ್ ಜರ್ನಲ್‌ನ ಓದುಗರಲ್ಲಿ ಬಹುಪಾಲು ಜನ ಪ್ರಬಂಧ ಬರೆಯುವವರಲ್ಲ. ಒಬ್ಬ ಸಹೋದ್ಯೋಗಿ ಹಾಸಿಗೆ ಹುಣ್ಣು ತಡೆಯುವ ಬಗ್ಗೆ ಒಂದು ಸಣ್ಣ, ಅಚ್ಚುಕಟ್ಟಾದ ಅಧ್ಯಯನ ಮಾಡಿ ಸಾಧಾರಣ ಅಂಕಿಯ ಜರ್ನಲ್‌ವೊಂದರಲ್ಲಿ ಪ್ರಕಟಿಸಿದ್ದರು. ಎರಡು ವರ್ಷದಲ್ಲಿ ಅದಕ್ಕೆ ಬಂದದ್ದು ಒಂದೇ ಉಲ್ಲೇಖ. ಅದೇ ಅವಧಿಯಲ್ಲಿ ನಾನು ಒಂದು ವಾರ್ಡ್‌ಗೆ ಹೋಗಿದ್ದಾಗ ಔಷಧಿ ಟ್ರಾಲಿಯ ಬದಿಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ಅಂಟಿಸಿದ ಒಂದು ಪುಟ ಕಂಡಿತು. ಅದು ಆ ಲೇಖನದ ಕೋಷ್ಟಕವೇ. ಹಿಮ್ಮಡಿ, ಬಾಲಮೂಳೆಯ ಭಾಗ, ಸೊಂಟದ ಪಕ್ಕ, ಪ್ರತಿ ಪಾಳಿಯಲ್ಲಿ ಯಾವ ಯಾವ ಜಾಗದ ಚರ್ಮವನ್ನು ನೋಡಬೇಕೆಂಬ ಪಟ್ಟಿ. ಪಕ್ಕದಲ್ಲಿ ಪೆನ್ನಿನಿಂದ ಯಾರೋ ಇನ್ನೊಂದು ಸಾಲು ಸೇರಿಸಿದ್ದರು: ಆಮ್ಲಜನಕದ ನಳಿಕೆ ತಾಗುವ ಕಿವಿಯ ಹಿಂಭಾಗ. ಆ ಹಾಳೆಯ ಮೂಲೆಗಳು ಬಳಸಿ ಬಳಸಿ ಮಡಚಿಹೋಗಿದ್ದವು. "ಸಿಸ್ಟರ್, ಇದು ಎಲ್ಲಿಂದ ಬಂತು?" ಎಂದು ಕೇಳಿದೆ. ರಾತ್ರಿ ಪಾಳಿಯವರು ಓದಿ ತಂದದ್ದೆಂದೂ ಹೊಸದಾಗಿ ಸೇರಿದವರಿಗೆ ಇದನ್ನು ತೋರಿಸಿಯೇ ಕಲಿಸುವುದೆಂದೂ ಅವರು ಹೇಳಿದರು. ಆ ವಾರ್ಡ್‌ನಲ್ಲಿ ಆ ಲೇಖನ ದಿನಕ್ಕೆ ಮೂರು ಬಾರಿ ಬಳಕೆಯಾಗುತ್ತಿತ್ತು; ಯಾವ ಸೂಚಿಯಲ್ಲೂ ಅದರ ಗುರುತು ಬೀಳುವ ದಾರಿ ಇರಲಿಲ್ಲ. ಉಲ್ಲೇಖ ಎಂಬುದು ಸಂಶೋಧಕರು ಸಂಶೋಧಕರೊಂದಿಗೆ ಆಡುವ ಮಾತಿನ ಎಣಿಕೆ. ಆ ಎಣಿಕೆಯನ್ನು ಈ ಸೇವೆ ಶ್ರದ್ಧೆಯಿಂದ ಮಾಡುತ್ತದೆ. ಸಂಶೋಧಕರಿಂದ ವಾರ್ಡ್‌ಗೆ ಹೋದ ಮಾತು ಅದರ ಕಿವಿಗೆ ಬೀಳುವುದಿಲ್ಲ, ಆದರೆ ನರ್ಸಿಂಗ್‌ನಲ್ಲಿ ಪ್ರಭಾವ ಎಂಬ ಪದಕ್ಕೆ ಹೆಚ್ಚು ಅರ್ಥವಿರುವುದು ಅಲ್ಲಿಯೇ.

ಬೇರೆ ಸೇವೆಗಳು ಈ ಕೊರತೆಯನ್ನು ತುಂಬುತ್ತವೆಯೇ ಎಂದು ನೋಡಿದ್ದೇನೆ. ಸ್ಕೋಪಸ್ ಎಂಬ ಲೇಖನ ಮತ್ತು ಉಲ್ಲೇಖಗಳ ಸಂಗ್ರಹದ ಮಾಹಿತಿಯ ಮೇಲೆ ನಿಂತ ಜರ್ನಲ್ ಅಳತೆಯಾದ ಸೈಟ್‌ಸ್ಕೋರ್ 2016ರಲ್ಲಿ ಬಂತು; 2020ರಿಂದ ಅದು ನಾಲ್ಕು ವರ್ಷಗಳ ಕಿಟಕಿಯನ್ನು ಬಳಸುತ್ತಿದೆ, ಆದ್ದರಿಂದ ಅದರ ಸಂಖ್ಯೆ ಸಾಮಾನ್ಯವಾಗಿ ಇಂಪ್ಯಾಕ್ಟ್ ಫ್ಯಾಕ್ಟರ್‌ಗಿಂತ ದೊಡ್ಡದಾಗಿಯೇ ಕಾಣುತ್ತದೆ, ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸುವುದು ತಪ್ಪು. ಎಸ್‌ಜೆಆರ್ ಎಂಬ ಇನ್ನೊಂದು ಜರ್ನಲ್ ಅಳತೆ ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತದೆ, ಉಲ್ಲೇಖ ಯಾವ ಜರ್ನಲ್‌ನಿಂದ ಬಂತೆಂಬುದಕ್ಕೂ ತೂಕ ಕೊಡುತ್ತದೆ, ಜರ್ನಲ್ ತನ್ನನ್ನೇ ಉಲ್ಲೇಖಿಸಿಕೊಳ್ಳುವ ಸ್ವಂತ ಉಲ್ಲೇಖಗಳಿಗೆ ಮಿತಿ ಹಾಕುತ್ತದೆ. ಚಂದಾ ಇಲ್ಲದ ಸಂಸ್ಥೆಯವರಿಗೆ ನಾನು ಮೊದಲು ಹೇಳುವುದು ಇದನ್ನೇ. ಗೂಗಲ್ ಸ್ಕಾಲರ್ ಕೊಡುವ ಎಚ್5 ಸೂಚ್ಯಂಕ, 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಸೂಚಿಸಿದ ಎಚ್ ಸೂಚ್ಯಂಕವನ್ನು (ಕನಿಷ್ಠ ಹತ್ತು ಉಲ್ಲೇಖ ಪಡೆದ ಲೇಖನಗಳು ಹತ್ತು ಇದ್ದರೆ ಎಚ್ ಹತ್ತು, ಹೀಗೆ) ಐದು ವರ್ಷದ ಲೇಖನಗಳಿಗೆ ಅನ್ವಯಿಸಿದ್ದು. ಹೆಚ್ಚು ಲೇಖನ ಪ್ರಕಟಿಸುವ ದೊಡ್ಡ ಜರ್ನಲ್‌ಗಳ ಕಡೆಗೇ ಅದು ವಾಲುತ್ತದೆ. ಜರ್ನಲ್ ಸೈಟೇಶನ್ ರಿಪೋರ್ಟ್ಸ್ ತಾನೇ 2021ರಲ್ಲಿ ಸೇರಿಸಿದ ಜರ್ನಲ್ ಸೈಟೇಶನ್ ಇಂಡಿಕೇಟರ್ ನನಗೆ ಹೆಚ್ಚು ನ್ಯಾಯವಾಗಿ ಕಂಡಿದೆ: ಕ್ಷೇತ್ರ, ವರ್ಷ ಮತ್ತು ಲೇಖನದ ಬಗೆಯನ್ನು ಸರಿದೂಗಿಸಿದ ಮೇಲೆ ಕ್ಷೇತ್ರದ ಸರಾಸರಿ 1 ಎಂದು ಹಿಡಿಯುವುದರಿಂದ, ನರ್ಸಿಂಗ್ ಜರ್ನಲ್‌ವೊಂದರ ಅಂಕಿ 1.5 ಎಂದರೆ ಅದರ ಲೇಖನಗಳಿಗೆ ಸರಾಸರಿಯಲ್ಲಿ ತನ್ನ ಕ್ಷೇತ್ರದ ಮಟ್ಟಕ್ಕಿಂತ ಅರ್ಧದಷ್ಟು ಹೆಚ್ಚು ಉಲ್ಲೇಖ ಬಂದಿದೆ ಎಂದು ಯಾರಿಗಾದರೂ ವಿವರಿಸಬಹುದು. ಇವೆಲ್ಲವೂ ಕೊನೆಗೆ ಉಲ್ಲೇಖವನ್ನೇ ಬೇರೆ ಬೇರೆ ಪಾತ್ರೆಯಲ್ಲಿ ಅಳೆಯುತ್ತವೆ. ಟ್ರಾಲಿಯ ಮೇಲಿನ ಹಾಳೆ ಯಾವ ಪಾತ್ರೆಗೂ ಬೀಳುವುದಿಲ್ಲ.

ಸುಧಾರಣೆಗಳನ್ನು ಒಪ್ಪಿಕೊಳ್ಳಲೇಬೇಕು. ಮೊದಲು ಮೂರು ದಶಮಾಂಶ ಸ್ಥಾನಗಳವರೆಗೆ ಕೊಡುತ್ತಿದ್ದ ಅಂಕಿಯನ್ನು 2023ರಿಂದ ಒಂದಕ್ಕೆ ಇಳಿಸಿದ್ದಾರೆ, 2.417 ಮತ್ತು 2.409ರ ನಡುವೆ ಇಲ್ಲದ ಅಂತರವನ್ನು ಕಾಣುವ ಅಭ್ಯಾಸ ಇದರಿಂದ ತಪ್ಪಿತು. ಅದೇ ವರ್ಷದಿಂದ, ಬೆಳೆಯುತ್ತಿರುವ ಜರ್ನಲ್‌ಗಳ ಸೂಚಿಯಲ್ಲಿದ್ದವುಗಳಿಗೂ ಇಂಪ್ಯಾಕ್ಟ್ ಫ್ಯಾಕ್ಟರ್ ಸಿಗುತ್ತಿದೆ, ಹಾಗಾಗಿ ಅಂಕಿ ಇದೆ ಎಂಬುದಷ್ಟೇ ಈಗ ಮೊದಲಿನ ಹಿರಿಮೆಯಲ್ಲ. ವಿಜ್ಞಾನ ಸೂಚಿಯಲ್ಲಿ ಒಂದು, ಸಮಾಜ ವಿಜ್ಞಾನ ಸೂಚಿಯಲ್ಲಿ ಒಂದು ಎಂದು ನರ್ಸಿಂಗ್‌ಗೆ ಎರಡು ಪಟ್ಟಿಗಳಿದ್ದು, ಒಂದೇ ಜರ್ನಲ್‌ಗೆ ಎರಡು ಸ್ಥಾನ ಬರುತ್ತಿದ್ದ ಗೊಂದಲ 2024ರಲ್ಲಿ ಪಟ್ಟಿಗಳನ್ನು ಒಂದುಗೂಡಿಸಿದ ಮೇಲೆ ನಿಂತಿತು. ಹಿಂತೆಗೆದುಕೊಂಡ ಲೇಖನಗಳಿಗೆ ಬಂದ, ಅವುಗಳಿಂದ ಹೋದ ಉಲ್ಲೇಖಗಳನ್ನು 2025ರ ಬಿಡುಗಡೆಯಿಂದ ಎಣಿಕೆಯಿಂದ ಹೊರಗಿಡಲಾಗಿದೆ. ತಮ್ಮನ್ನು ತಾವೇ ಅತಿಯಾಗಿ ಉಲ್ಲೇಖಿಸಿಕೊಳ್ಳುವ, ಒಬ್ಬರನ್ನೊಬ್ಬರು ಉಬ್ಬಿಸುವ ಜರ್ನಲ್‌ಗಳ ಅಂಕಿಯನ್ನು ತಡೆಹಿಡಿಯುವ ಕ್ರಮ ಹಲವು ವರ್ಷಗಳಿಂದಲೂ ಇದೆ, ಸ್ವಂತ ಉಲ್ಲೇಖ ಬಿಟ್ಟ ಅಂಕಿಯನ್ನೂ ಪುಟದಲ್ಲೇ ನೋಡಬಹುದು. ಈ ಎರಡು ಅಂಕಿಗಳ ನಡುವೆ ದೊಡ್ಡ ಅಂತರ ಕಂಡರೆ ನಾನು ಆ ಜರ್ನಲ್‌ನ ಇತ್ತೀಚಿನ ಸಂಚಿಕೆಗಳನ್ನು ತೆರೆದು ಓದದೆ ಯಾರಿಗೂ ಸೂಚಿಸುವುದಿಲ್ಲ.

ಗುಣಮಟ್ಟದ ವಿಷಯ ಬಂದಾಗ ನಾನು ಈ ಸೇವೆಯನ್ನು ಮುಚ್ಚಿಟ್ಟು ಬೇರೆ ಕಡೆ ನೋಡುತ್ತೇನೆ. ಜರ್ನಲ್‌ನ ಲೇಖಕರಿಗಾಗಿ ಇರುವ ಸೂಚನೆಗಳಲ್ಲಿ ಯಾದೃಚ್ಛಿಕ ಪ್ರಯೋಗಗಳಿಗೆ ಕನ್ಸಾರ್ಟ್, ವ್ಯವಸ್ಥಿತ ವಿಮರ್ಶೆಗಳಿಗೆ ಪ್ರಿಸ್ಮಾ, ಸಂದರ್ಶನ ಆಧಾರಿತ ಗುಣಾತ್ಮಕ ಅಧ್ಯಯನಗಳಿಗೆ 32 ಅಂಶಗಳ ಕೋರೆಕ್ ಇತ್ಯಾದಿ ವರದಿ ಮಾನದಂಡಗಳನ್ನು ಕಡ್ಡಾಯ ಮಾಡಿದ್ದಾರೆಯೇ? ಕಡ್ಡಾಯವೆಂದು ಬರೆದರೆ ಸಾಲದು, ಅಚ್ಚಾದ ಮೂರು ಲೇಖನಗಳನ್ನು ತೆಗೆದು, ಭಾಗವಹಿಸಿದವರನ್ನು ಹೇಗೆ ಆಯ್ದರು, ಎಷ್ಟು ಮಂದಿ ಮಧ್ಯದಲ್ಲಿ ಬಿಟ್ಟರು ಎಂಬುದು ಸ್ಪಷ್ಟವಾಗಿದೆಯೇ ಎಂದು ನೋಡಬೇಕು. ಪ್ರಕಟಣಾ ನೀತಿಯ ಸಮಿತಿಯಾದ ಕೋಪ್‌ನ ಸದಸ್ಯತ್ವ, ಅಂತರರಾಷ್ಟ್ರೀಯ ನರ್ಸಿಂಗ್ ಸಂಪಾದಕರ ಬಳಗವಾದ ಇನೇನ್ ನಿರ್ವಹಿಸುವ ನರ್ಸಿಂಗ್ ಜರ್ನಲ್‌ಗಳ ಪಟ್ಟಿಯಲ್ಲಿ ಹೆಸರು, ಸಿನಾಲ್ ಮತ್ತು ಮೆಡ್‌ಲೈನ್ ಎಂಬ ಆರೋಗ್ಯ ಸಾಹಿತ್ಯದ ಸೂಚಿಗಳಲ್ಲಿ ಸೇರ್ಪಡೆ, ಇವು ಉಚಿತವಾಗಿ ನೋಡಬಹುದಾದ ಗುರುತುಗಳು. ಮೆಡ್‌ಲೈನ್ ಮತ್ತು ಪಬ್‌ಮೆಡ್ ಎಂಬ ಹುಡುಕು ತಾಣ ಒಂದೇ ಅಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಮೆಡ್‌ಲೈನ್‌ಗೆ ಸೇರಲು ಜರ್ನಲ್ ಪರಿಶೀಲನೆಯನ್ನು ದಾಟಬೇಕು. ಪಬ್‌ಮೆಡ್‌ನಲ್ಲಿ ಹುಡುಕಿದಾಗ ಸಿಗುವುದೆಲ್ಲ ಆ ಪರಿಶೀಲನೆಯನ್ನು ದಾಟಿದ ಜರ್ನಲ್‌ಗಳದ್ದೇ ಆಗಿರುವುದಿಲ್ಲ.

ಈ ವ್ಯತ್ಯಾಸ ತಿಳಿಯದ ವಿದ್ಯಾರ್ಥಿನಿಯೊಬ್ಬಳು ತೊಂದರೆಗೆ ಸಿಕ್ಕಿದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅವಳಿಗೆ ಒಂದು ಜರ್ನಲ್‌ನಿಂದ ಮಿಂಚಂಚೆ ಬಂದಿತ್ತು. ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಪದಗಳ ಮುಂದೆ ಇನ್ನೊಂದು ಗಂಭೀರ ಪದ ಸೇರಿಸಿ ಆರರ ಮೇಲಿನ ಅಂಕಿಯೊಂದನ್ನು ಕೊಟ್ಟಿದ್ದರು, ಪಬ್‌ಮೆಡ್ ಹೆಸರನ್ನೂ ಹಾಕಿದ್ದರು. ಪರಿಶೀಲನೆಯ ಒಂದು ಸಾಲು ಟಿಪ್ಪಣಿಯೂ ಇಲ್ಲದೆ ನಾಲ್ಕು ದಿನದಲ್ಲಿ ಲೇಖನ ಒಪ್ಪಿಗೆಯಾಯಿತು, ಜೊತೆಗೇ ಶುಲ್ಕದ ಬೇಡಿಕೆಯೂ ಬಂತು. ಅವಳು ಸಂತೋಷದಿಂದ ತೋರಿಸಲು ಬಂದಾಗ ಇಬ್ಬರೂ ಕೂತು ಜರ್ನಲ್ ಸೈಟೇಶನ್ ರಿಪೋರ್ಟ್ಸ್‌ನಲ್ಲಿ ಹೆಸರು ಹುಡುಕಿದೆವು, ಇರಲಿಲ್ಲ. ಸಂಪಾದಕ ಮಂಡಳಿಯ ಪಟ್ಟಿಯಲ್ಲಿ ನರ್ಸಿಂಗ್ ಹಿನ್ನೆಲೆಯವರು ಒಬ್ಬರೂ ಇರಲಿಲ್ಲ. ಲೇಖನವನ್ನು ಹಿಂದಕ್ಕೆ ಪಡೆಯಲು ಅವಳಿಗೆ ಐದು ತಿಂಗಳು ಹಿಡಿಯಿತು, ಅಷ್ಟೂ ದಿನ ಅದನ್ನು ಬೇರೆಲ್ಲೂ ಕಳಿಸುವಂತಿರಲಿಲ್ಲ. ಎರಡು ವರ್ಷ ರಾತ್ರಿ ಪಾಳಿಯ ನಡುವೆ ಮಾಹಿತಿ ಕಲೆಹಾಕಿದ ಹುಡುಗಿಗೆ ಹೀಗಾದದ್ದು ನನಗೆ ಇಂದಿಗೂ ನೋವಿನ ಸಂಗತಿ. ಹೆಸರು ನಿಜವಾದದ್ದೇ, ಅಂಕಿ ನಿಜವಾದದ್ದೇ ಎಂದು ಎರಡು ನಿಮಿಷದಲ್ಲಿ ತಿಳಿಯುವ ಕೆಲಸಕ್ಕೆ ಈ ಸೇವೆಯಷ್ಟು ನಂಬಿಕೆಗೆ ಅರ್ಹವಾದದ್ದು ಇನ್ನೊಂದು ನನಗೆ ಗೊತ್ತಿಲ್ಲ.

ಆದ್ದರಿಂದ ಸಂಸ್ಥೆಗೆ ಚಂದಾ ಇದ್ದರೆ ಇದನ್ನು ಖಂಡಿತ ಬಳಸಿ ಎಂದೇ ಹೇಳುತ್ತೇನೆ, ಆದರೆ ಮೇಲ್ಭಾಗದ ಅಂಕಿಯಲ್ಲಿ ನಿಲ್ಲದೆ ಹಂಚಿಕೆಯ ಚಿತ್ರ, ಐದು ವರ್ಷದ ಅಂಕಿ, ಸ್ವಂತ ಉಲ್ಲೇಖ ಬಿಟ್ಟ ಅಂಕಿ, ಕ್ಷೇತ್ರಕ್ಕೆ ಸರಿದೂಗಿಸಿದ ಇಂಡಿಕೇಟರ್, ಈ ನಾಲ್ಕನ್ನೂ ನೋಡಿ. ಬಡ್ತಿಗಾಗಿ, ನೇಮಕಾತಿಗಾಗಿ ವ್ಯಕ್ತಿಗಳನ್ನು ಅಳೆಯಲು ಇದನ್ನು ಬಳಸುವುದನ್ನು ನಾನು ಒಪ್ಪುವುದಿಲ್ಲ. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೂಪುಗೊಂಡ ಡೋರಾ ಘೋಷಣೆ, ಒಂದೊಂದು ಲೇಖನದ ಗುಣಕ್ಕೆ, ಒಬ್ಬೊಬ್ಬ ಸಂಶೋಧಕರ ಕೊಡುಗೆಗೆ ಬದಲಾಗಿ ಜರ್ನಲ್‌ನ ಅಂಕಿಯನ್ನು ಇಡಬೇಡಿ ಎಂದು ಸ್ಪಷ್ಟವಾಗಿ ಹೇಳಿದೆ, ಎಷ್ಟೋ ಸಂಸ್ಥೆಗಳು ಅದಕ್ಕೆ ಸಹಿ ಹಾಕಿವೆ. ಹಾಸಿಗೆ ಹುಣ್ಣಿನ ಅಧ್ಯಯನ ಮಾಡಿದ ಆ ಸಹೋದ್ಯೋಗಿ ಬಡ್ತಿಗೆ ಅರ್ಜಿ ಹಾಕಿದಾಗ ಒಂದೇ ಉಲ್ಲೇಖದ ಸಾಲಿನ ಜೊತೆಗೆ ಟ್ರಾಲಿಯ ಮೇಲಿನ ಆ ಹಾಳೆಯ ಚಿತ್ರವನ್ನೂ, ವಾರ್ಡ್‌ನ ಮುಖ್ಯ ನರ್ಸ್ ಬರೆದುಕೊಟ್ಟ ಒಂದು ಪುಟದ ಪತ್ರವನ್ನೂ ಲಗತ್ತಿಸುವಂತೆ ನಾನು ಹೇಳಿದೆ. ಸಮಿತಿಯವರು ಚಿತ್ರವನ್ನು ಹಿಗ್ಗಿಸಿ ನೋಡಿ, ಪೆನ್ನಿನಿಂದ ಸೇರಿಸಿದ ಸಾಲಿನ ಬಗ್ಗೆ ಕೇಳಿದರಂತೆ. ಮುಂದಿನ ಅಧ್ಯಯನದಲ್ಲಿ ಕಿವಿಯ ಹಿಂಭಾಗವನ್ನೂ ಸೇರಿಸಿಕೊಂಡಿದ್ದೇನೆ ಎಂದು ಅವರು ಉತ್ತರಿಸಿದರಂತೆ.